ಕಲ್ನಾರಿನ ಧೂಳು ಮತ್ತು ನಮ್ಮ ಹಕ್ಕು

(ನಾಂಪಲ್ಲಿಯಲ್ಲಿ ಸೇರಿದ್ದ ಕನ್ನಡ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಬಾಗಿಲು ಮುಚ್ಚಿ, ಪಾತ್ರೆ ತೊಳೆದಿಟ್ಟು, ನಿದ್ದೆಗೆಟ್ಟು ತಾವೆಲ್ಲ ಇಲ್ಲಿ ನೆರೆದಿದ್ದೀರಿ. ಮಿಲ್ಲಿನ ಸೋದರರು ಪಾಳಿ ಮುಗಿಸಿ ನೇರವಾಗಿ ಬಂದಿದ್ದಾರೆ. ಆದುದರಿಂದ ತಮ್ಮ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ನಾವು ಡಾಕ್ಟರರಲ್ಲ, ವಕೀಲರೂ ಅಲ್ಲ. ಮಿಡಲ್ ಸ್ಕೂಲು ಮುಗಿಸಿ ಊರು ಬಿಟ್ಟು ಬಂದು, ಲೋಟ ತೊಳೆದು, ತಟ್ಟೆ ಎತ್ತಿ, ಆಮೇಲೆ ಸಂಘದ ಕೆಲಸಕ್ಕೆ ಇಳಿದವರು. ಒಬ್ಬ ಹಿರಿಯರ ಸಾವು ನಮಗೆ ಕಲಿಸಿದ್ದನ್ನು ತಮ್ಮ ಮುಂದೆ ಇಡಬೇಕಾಗಿದೆ.

ಅವರು ಬೀದರ ಕಡೆಯವರು. ನಾವು ದುಡಿಯುತ್ತಿದ್ದ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದರು. ಎಲ್ಲರಿಗೂ ಕಾಕಾ. ಹೋಟೆಲಿಗೆ ಬರುವ ಮುಂಚೆ ಎಂಟು ವರ್ಷ ದೂರದ ಊರಿನ ಒಂದು ಸಿಮೆಂಟ್ ಶೀಟಿನ ಕಾರ್ಖಾನೆಯಲ್ಲಿ, ಗುತ್ತಿಗೆದಾರನ ಕೈಕೆಳಗೆ, ಚೀಲ ಹರಿದು ಸುರಿಯುವ ಕೆಲಸ ಮಾಡಿದ್ದರು. ಅದನ್ನು ಬಿಟ್ಟು ಇಪ್ಪತ್ತು ವರ್ಷವಾದ ಮೇಲೆ ಕೆಮ್ಮು ಹತ್ತಿತು. ಮೆಟ್ಟಿಲು ಹತ್ತಿದರೆ ಏದುಸಿರು. ಕ್ಷಯವೆಂದು ಎರಡು ಸಲ ಗುಳಿಗೆ ನುಂಗಿಸಿದರು, ಗುಣ ಕಾಣಲಿಲ್ಲ. ಕಡೆಗೆ ಒಬ್ಬ ಡಾಕ್ಟರು ಕೇಳಿದರು: "ಹೋಟೆಲಿಗೆ ಮುಂಚೆ ಏನು ಕೆಲಸ ಮಾಡುತ್ತಿದ್ದೆ?" ಅಲ್ಲಿಯವರೆಗೆ ಆ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಆ ಚೀಲದಲ್ಲಿದ್ದುದು ಆಸ್ಬೆಸ್ಟಾಸ್. ಕನ್ನಡದಲ್ಲಿ ಅದನ್ನು ಕಲ್ನಾರು ಎನ್ನುತ್ತಾರೆ. ಹೆಸರೇ ಹೇಳುವಂತೆ ಅದು ಕಲ್ಲು, ಆದರೆ ನಾರಿನಂತೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿಗೆ ಸುಡುವುದಿಲ್ಲ, ಸಿಮೆಂಟಿಗೆ ಬೆರೆಸಿದರೆ ಗಟ್ಟಿ ಶೀಟಾಗುತ್ತದೆ. ಇಲ್ಲಿಯ ಜನ ರೇಕು ಎನ್ನುವುದು ಇದಕ್ಕೇ. ಇದೇ ನಗರದ ಸನತ್ ನಗರದಲ್ಲಿ 1940ರ ದಶಕದಲ್ಲಿಯೇ ಇಂತಹ ಶೀಟಿನ ತಯಾರಿಕೆ ಮೊದಲಾಯಿತು. ಕಡಪಾ ಜಿಲ್ಲೆಯ ಪುಲಿವೆಂದುಲದಲ್ಲಿ ಇದರ ಗಣಿಗಳಿದ್ದವು. ಈಗ ನಾರು ಹೊರದೇಶದಿಂದ, ಮುಖ್ಯವಾಗಿ ರಷ್ಯಾದಿಂದ, ಹಡಗಿನಲ್ಲಿ ಬರುತ್ತದೆ.

"ನಾವು ಹೋಟೆಲಿನವರು, ನಮಗೇನು ಸಂಬಂಧ?" ಎಂದು ತಾವು ಕೇಳಬಹುದು. ಹಿಂದಿನ ಅಡಿಗೆಮನೆಯ ಮಾಡು ಯಾವುದು? ನಾವು ಮಲಗುವ ಅಟ್ಟದ ಮಾಡು ಯಾವುದು? ಹಳೆಯ ಒಲೆಯ ಬಾಗಿಲಿಗೆ, ಮಿಲ್ಲಿನ ಬಾಯ್ಲರಿಗೆ, ಉಗಿಯ ಕೊಳವೆಗೆ ಸುತ್ತುತ್ತಿದ್ದ ಬಿಳಿ ಹಗ್ಗ ಯಾವುದು? ಹಾಗೆಂದು ಗಾಬರಿ ಬೇಡ. ಒಡೆಯದೆ ಗಟ್ಟಿಯಾಗಿರುವ ಶೀಟಿನ ಕೆಳಗೆ ಮಲಗಿದ ಮಾತ್ರಕ್ಕೆ ಕಾಕಾ ಅವರಿಗೆ ಬಂದಂತಹ ರೋಗ ಬರುವುದಿಲ್ಲ. ಅಪಾಯವಿರುವುದು ಧೂಳಿನಲ್ಲಿ. ಶೀಟನ್ನು ಗರಗಸದಿಂದ ಕೊಯ್ದಾಗ, ತೂತು ಕೊರೆದಾಗ, ಸುತ್ತಿಗೆಯಿಂದ ಒಡೆದಾಗ, ಹಳೆಯ ಹಗ್ಗ ಕಿತ್ತಾಗ ಏಳುವ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಉಸಿರಿನೊಡನೆ ಒಳಗೆ ಹೋದದ್ದು ಶ್ವಾಸಕೋಶದ ಆಳದಲ್ಲಿ ನಾಟಿ ಅಲ್ಲಿಯೇ ಉಳಿಯುತ್ತದೆ.

ಅದರಿಂದ ಬರುವ ರೋಗಗಳನ್ನು ನೆನಪಿಡಿ. ಒಂದು, ಆಸ್ಬೆಸ್ಟೋಸಿಸ್. ಶ್ವಾಸಕೋಶ ಗಾಯಗಟ್ಟಿ ಬಿರುಸಾಗುತ್ತದೆ, ಗಾಳಿ ಸಾಲದು. ಇದು ಬಹುಕಾಲ ಬಹಳ ಧೂಳು ಕುಡಿದವರಿಗೆ ಬರುವುದು. ಎರಡು, ಶ್ವಾಸಕೋಶದ ಕ್ಯಾನ್ಸರು. ಮೂರು, ಮೆಸೊಥೀಲಿಯೋಮ, ಅಂದರೆ ಶ್ವಾಸಕೋಶದ ಅಥವಾ ಹೊಟ್ಟೆಯ ಒಳಪೊರೆಗೆ ಹತ್ತುವ ಕ್ಯಾನ್ಸರು. ಇದು ಸ್ವಲ್ಪ ಧೂಳಿನಿಂದಲೂ ಬಂದದ್ದುಂಟು. ಕೆಲಸಗಾರನ ಬಟ್ಟೆ ಒಗೆದ ಹೆಂಡತಿಗೂ ಬಂದದ್ದುಂಟು. ಧೂಳು ಕುಡಿದು ಹತ್ತು ವರ್ಷದಿಂದ ನಲವತ್ತು ವರ್ಷದವರೆಗೂ, ಒಮ್ಮೊಮ್ಮೆ ಇನ್ನೂ ತಡವಾಗಿಯೂ, ರೋಗ ತಲೆ ಎತ್ತುತ್ತದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರು ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 50ಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ನಮ್ಮ ದೇಶ ನಿಷೇಧಿಸಿಲ್ಲ.

ಆಸ್ಬೆಸ್ಟೋಸಿಸ್ ಬಂದ ಮೇಲೆ ಅದನ್ನು ಕಳೆಯುವ ಔಷಧವಿಲ್ಲ. ಆದರೆ ಕೈಚೆಲ್ಲಿ ಕೂರಬೇಕಿಲ್ಲ. ಬೀಡಿ ಸಿಗರೇಟು ಇಂದೇ ಬಿಡಿ. ಧೂಳೂ ಹೊಗೆಯೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಧಣಿಗಳು ಮಾಡು ಕೀಳಿಸುವಾಗ ಹುಡುಗರನ್ನು ಏರಿಸಿ ಒಡೆಸಕೂಡದು. ನೀರು ಹೊಡೆದು, ಶೀಟನ್ನು ಇಡಿಯಾಗಿ ಇಳಿಸಬೇಕು. ಒಣಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮೂಗಿಗೆ ಕಟ್ಟಿದ ಟವೆಲು ಈ ಎಳೆಯನ್ನು ತಡೆಯುವುದಿಲ್ಲ. ಹಿಂದೆ ಇಂತಹ ಕೆಲಸ ಮಾಡಿ ಈಗ ಏದುಸಿರು ಬಿಡುವವರು ಎರ್ರಗಡ್ಡದ ಸರಕಾರಿ ಎದೆರೋಗದ ಆಸ್ಪತ್ರೆಗೆ ಹೋಗಲಿ, ವಿಮೆ ಇದ್ದವರು ಸನತ್ ನಗರದ ಇ.ಎಸ್.ಐ. ಆಸ್ಪತ್ರೆಗೆ ಹೋಗಲಿ. ಡಾಕ್ಟರು ಕೇಳದಿದ್ದರೂ ಹಳೆಯ ಕೆಲಸವನ್ನು ಹೇಳಿ, ಅದನ್ನು ಚೀಟಿಯಲ್ಲಿ ಬರೆಯಿಸಿ.

ಇನ್ನು ಕಾನೂನಿನ ಮಾತು. ಇಲ್ಲಿಯೇ ಇರುವ ಕ್ರಿಮಿನಲ್ ಕೋರ್ಟನ್ನು ದಿನವೂ ನೋಡುವ ನಮಗೆ ಕೋರ್ಟೆಂದರೆ ಕೇಡಿಗೆ ಸಿಕ್ಕಿದವನು ಹೋಗುವ ಜಾಗವೆಂಬ ಭಯ. ಅದು ತಪ್ಪು. 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಕಲ್ನಾರಿನ ಕೆಲಸಗಾರರ ವಿಷಯದಲ್ಲಿಯೇ ತೀರ್ಪು ಕೊಟ್ಟಿದೆ. ಕೆಲಸಗಾರನ ಆರೋಗ್ಯವು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗವೆಂದು ಅದು ಸಾರಿತು. ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸ ಸೇರಿದಂದಿನಿಂದ 40 ವರ್ಷ, ಇಲ್ಲವೆ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಕಾರ್ಖಾನೆ ಇಡಬೇಕೆಂದು ಅಪ್ಪಣೆ ಮಾಡಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪರೀಕ್ಷಿಸಿ ರೋಗವಿದೆ ಎಂದವರಿಗೆ ತಲಾ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು.

1923ರ ಪರಿಹಾರದ ಕಾಯಿದೆ, 1948ರ ಇ.ಎಸ್.ಐ. ಕಾಯಿದೆ, ಇವೆರಡೂ 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿವೆ. ಹೆಸರು ಬದಲಾದರೂ ಹಕ್ಕು ಉಳಿದಿದೆ. ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ ಆಸ್ಬೆಸ್ಟೋಸಿಸ್ ಇದೆ, ಕಲ್ನಾರಿನ ಕ್ಯಾನ್ಸರುಗಳಿವೆ. ಮಿಲ್ಲಿನ ಸೋದರರೇ, ಹತ್ತಿಯ ಧೂಳಿನ ಬಿಸಿನೋಸಿಸ್ ಕೂಡ ಇದೆ. ಅಂತಹ ರೋಗವನ್ನು ಕೆಲಸದಲ್ಲಾದ ಗಾಯವೆಂದೇ ಎಣಿಸುತ್ತಾರೆ. ಇ.ಎಸ್.ಐ.ಯಲ್ಲಿದ್ದವರಿಗೆ ಚಿಕಿತ್ಸೆ, ಮೆಡಿಕಲ್ ಬೋರ್ಡು ನಿರ್ಧರಿಸಿದ ಅಂಗವೈಕಲ್ಯಕ್ಕೆ ತಕ್ಕ ಹಣ, ಸತ್ತರೆ ಮನೆಯವರಿಗೆ ಆಸರೆ. ಅದರಲ್ಲಿಲ್ಲದವರು ಪರಿಹಾರಕ್ಕೆ ಅರ್ಜಿ ಹಾಕಬೇಕು; ಸಾಮಾನ್ಯವಾಗಿ ಎರಡು ವರ್ಷದೊಳಗೆ. ತಡವಾಗಿದ್ದರೆ ತಕ್ಕ ಕಾರಣ ತೋರಿಸಿ ಕೇಳಬಹುದು. ಗುತ್ತಿಗೆದಾರನ ಕೈಕೆಳಗೆ ದುಡಿದವನಿಗೂ ಮೂಲ ಮಾಲೀಕನಿಂದ ಕೇಳುವ ಹಕ್ಕುಂಟು. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾಯಿದೆಯಂತೆ ಹೆಂಗಸರಿಗೂ ಕಾರ್ಖಾನೆಯ ಕಾರ್ಮಿಕರಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಕಾನೂನು ಇಷ್ಟಿದ್ದೂ ಕಾಕಾ ಅವರ ಗತಿ ಏನಾಯಿತು? ಅರ್ಜಿ ಹಾಕಿದೆವು. ಆ ಹೆಸರಿನವರು ನಮ್ಮ ಪುಸ್ತಕದಲ್ಲಿಲ್ಲ ಎಂದು ಕಾರ್ಖಾನೆಯಿಂದ ಉತ್ತರ ಬಂತು. ಗೇಟಿನ ಪಾಸು ಎಲ್ಲಿಯೋ ಹೋಗಿತ್ತು. ಪಗಾರದ ಚೀಟಿಯನ್ನು ಗುತ್ತಿಗೆದಾರ ಎಂದೂ ಕೊಟ್ಟಿರಲಿಲ್ಲ. ಜತೆಗೆ ಚೀಲ ಹೊತ್ತವರಲ್ಲಿ ಇಬ್ಬರು ತೀರಿಕೊಂಡಿದ್ದರು, ಮೂರನೆಯವರನ್ನು ಹುಡುಕಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ಕಾಕಾ ಹೋಗಿಬಿಟ್ಟರು. ಅರ್ಜಿ ಈಗ ಅವರ ಹೆಂಡತಿಯ ಹೆಸರಿನಲ್ಲಿ ನಡೆದಿದೆ. ಆ ತಾಯಿ ತಿಂಗಳಿಗೊಮ್ಮೆ ಊರಿನಿಂದ ಫೋನು ಮಾಡಿ, "ತಮ್ಮಾ, ಏನಾತಪ್ಪಾ?" ಎಂದು ಕೇಳುತ್ತಾರೆ. ಇನ್ನೂ ಆಗಿಲ್ಲವೆಂದು ಹೇಳಲು ನಮಗೆ ಪ್ರತಿ ಸಲವೂ ನಾಲಗೆ ಏಳುವುದಿಲ್ಲ.

ಆದುದರಿಂದ ತಮ್ಮಲ್ಲಿ ನಮ್ಮ ಅರಿಕೆ ಇಷ್ಟೇ. ಇಂದು ರಾತ್ರಿ ಮಲಗುವ ಮುಂಚೆ ತಮ್ಮ ಟ್ರಂಕು ತೆರೆಯಿರಿ. ಪಾಸು, ಪಗಾರದ ಚೀಟಿ, ಆಸ್ಪತ್ರೆಯ ಕಾಗದ, ಎಕ್ಸ್‌ರೇ, ಏನಿದ್ದರೂ ಒಂದು ಕಡೆ ಕಟ್ಟಿಡಿ. ಏನೂ ಇಲ್ಲದವರು ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾರ ಕೈಕೆಳಗೆ, ಯಾರ ಜತೆ ದುಡಿದಿರೆಂದು ಬರೆದಿಡಿ. ಬರೆಯಲು ಬಾರದವರು ಭಾನುವಾರ ಮಧ್ಯಾಹ್ನ ಸಂಘಕ್ಕೆ ಬನ್ನಿ; ನಾವು ಕುಳಿತು ಬರೆದುಕೊಡುತ್ತೇವೆ. ಜತೆಗಾರರು ಬದುಕಿರುವಾಗಲೇ ಅವರ ಸಾಕ್ಷಿಯನ್ನೂ ಬರೆಯಿಸಿಕೊಳ್ಳೋಣ. ಕಾಕಾ ಅವರಿಗೆ ನಾವು ಇದನ್ನು ಮಾಡಲಿಲ್ಲ. ತಮಗೆ ಮಾಡುತ್ತೇವೆ.