ಹಾಲು-ತುಪ್ಪ ಇಲ್ಲದ ಅಂಗಡಿ



ಪೇಟೆಯಲ್ಲಿ ಈಗ ‘ವೀಗನ್’ ಅಂಗಡಿ ಅಂತ ಬೋರ್ಡು ಕಾಣುತ್ತೆ. ಹಾಗಂದರೇನು? ಅಲ್ಲಿ ಮಾಂಸ, ಮೊಟ್ಟೆ ಇಲ್ಲ. ಹಾಲು, ಮೊಸರು, ತುಪ್ಪವೂ ಇಲ್ಲ. ಜೇನೂ ಇಲ್ಲ. ಈ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಸಾಮಾನು ಮಾತ್ರ ನಮ್ಮ ಅಡುಗೆಮನೆಯದೇ. ಹುಚ್ಚೆಳ್ಳು ಚಟ್ನಿಪುಡಿ, ಕಡಲೆಕಾಯಿ ಉಂಡೆ, ಎಳ್ಳು ಚಿಗಳಿ. ಇದಕ್ಕೆಲ್ಲ ಹಾಲು ಯಾಕೆ ಬೇಕು?

ನಾವು ನಾಲ್ಕೈದು ಜನ ಸೇರಿ ಇಂಥ ಸಣ್ಣ ಅಂಗಡಿ ಇಡಬಹುದು. ಹತ್ತು ಕೆ.ಜಿ. ಉಂಡೆ ಕಟ್ಟಿದೆವು ಎನ್ನಿ. ಖರ್ಚು 2000 ರೂಪಾಯಿ. ಕೆ.ಜಿ.ಗೆ 250ರಂತೆ ಎಂಟು ಕೆ.ಜಿ. ಮಾರಿದೆವು. ಬಂದದ್ದೂ 2000. ಉಳಿದ ಎರಡು ಕೆ.ಜಿ. ಕಮಟು ಹಿಡಿಯಿತು. ಲಾಭ ಎಲ್ಲಿ? ಅದಕ್ಕೇ ಸ್ವಲ್ಪ ಸ್ವಲ್ಪ ಕಟ್ಟಬೇಕು.

ಇನ್ನೊಂದು ಮಾತು. ಉಂಡೆ ಕೈಗೆ ಅಂಟಬಾರದು ಅಂತ ನಾವು ತುಪ್ಪ ಸವರಿಕೊಳ್ತೇವೆ. ರೂಢಿ, ಏನು ಮಾಡೋದು! ಇಲ್ಲಿ ಅದು ಕೂಡದು. ಹಾಲು ಒಗ್ಗದ ಮಗುವಿಗೆ ಅಂತ ಒಬ್ಬ ತಾಯಿ ನಮ್ಮನ್ನು ನಂಬಿ ಕೊಂಡಿರ್ತಾಳೆ. ಕೆಲವು ಮಕ್ಕಳಿಗೆ ಅಷ್ಟು ತುಪ್ಪಕ್ಕೇ ಮೈಯೆಲ್ಲ ದದ್ದು ಏಳುತ್ತೆ, ಉಸಿರು ಕಟ್ಟುತ್ತೆ. ಬಾಣಲೆ, ಸೌಟು ಕೂಡ ಬೇರೆ ಇರಲಿ. ಕೈಗೆ ಎಣ್ಣೆ ಸಾಕು.

ಕಡಲೆಕಾಯಿ, ಎಳ್ಳು ಒಗ್ಗದವರೂ ಇದ್ದಾರೆ. ಪೊಟ್ಟಣದ ಮೇಲೆ ಎಲ್ಲವನ್ನೂ ಬರೆಯಬೇಕು. ಇಂಥ ಆಹಾರಕ್ಕೆ ಸರ್ಕಾರ 2022ರಲ್ಲಿ ನಿಯಮ ಮಾಡಿದೆ. ಅದಕ್ಕೆ ಹಸಿರು ‘ವಿ’ ಗುರುತು ಉಂಟು. ಒಪ್ಪಿಗೆ ಸಿಗದೆ ಆ ಗುರುತು ಹಾಕುವಂತಿಲ್ಲ.

ಸ್ಲೇಟು ತೆಗೀರಿ. ಮೊದಲ ಚೀಟಿ ಬರೆಯೋಣ: ಕಡಲೆಕಾಯಿ, ಬೆಲ್ಲ, ಏಲಕ್ಕಿ, ಎಣ್ಣೆ. ಕೆಳಗೆ, ಕಟ್ಟಿದ ದಿನ.