ಕಂಡಲ್ಲಿಗೇ ಮದ್ದು

1936ರ ನವೆಂಬರ್ 12. ಬಾಸ್ಟನ್ನಿನ ಹಾರ್ವರ್ಡ್ ವೈದ್ಯಕೀಯ ಶಾಲೆ. ಭೌತವಿಜ್ಞಾನದಿಂದ ವೈದ್ಯರಿಗೆ ಏನು ಪ್ರಯೋಜನ ಎಂಬ ವಿಷಯದ ಮೇಲೆ ಎಂಐಟಿಯ ಅಧ್ಯಕ್ಷ ಕಾರ್ಲ್ ಕಾಂಪ್ಟನ್ ಮಾತಾಡಿ ಮುಗಿಸಿದ್ದರು. ಸಭೆಯಲ್ಲಿದ್ದ ಥೈರಾಯ್ಡ್ ತಜ್ಞ ಸಾಲ್ ಹರ್ಟ್ಜ್ ಕೇಳಿದರು: ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲ ಮಾಡಬಹುದೇ? ಆಗುತ್ತದೆ ಎಂಬ ಉತ್ತರ ಡಿಸೆಂಬರಿನಲ್ಲಿ ಪತ್ರದಲ್ಲಿ ಬಂತು.

ಹರ್ಟ್ಜ್ ಲೆಕ್ಕ ಸರಳ. ರಕ್ತದಲ್ಲಿರುವ ಅಯೋಡಿನ್ನನ್ನು ಥೈರಾಯ್ಡ್ ತಾನಾಗಿಯೇ ಹೀರಿಕೊಳ್ಳುತ್ತದೆ. ಅದು ವಿಕಿರಣ ಸೂಸುವ ಅಯೋಡಿನ್ ಆಗಿದ್ದರೆ, ಮದ್ದು ತಾನೇ ರೋಗದ ಜಾಗಕ್ಕೆ ಹೋಗಿ ನಿಲ್ಲುತ್ತದೆ. 1941ರ ಮಾರ್ಚ್ 31ರಂದು ಅತಿ ಚುರುಕಾದ ಥೈರಾಯ್ಡಿನಿಂದ ಬಳಲುತ್ತಿದ್ದ ರೋಗಿಗೆ ಅವರು ಅದನ್ನು ಕೊಟ್ಟರು. ಕೆಲವೇ ವರ್ಷಗಳಲ್ಲಿ ಅದು ಥೈರಾಯ್ಡ್ ಕ್ಯಾನ್ಸರಿಗೂ ಮದ್ದಾಯಿತು.

ಉಳಿದ ಕ್ಯಾನ್ಸರುಗಳು ಅಯೋಡಿನ್ ಹೀರುವುದಿಲ್ಲವಲ್ಲ, ಅವಕ್ಕೇನು ಮಾಡುವುದು?

ಕರುಳಿನಲ್ಲೂ ಮೇದೋಜೀರಕದಲ್ಲೂ ಹುಟ್ಟುವ ನ್ಯೂರೋಎಂಡೋಕ್ರೈನ್ ಗೆಡ್ಡೆಗಳನ್ನೇ ತೆಗೆದುಕೊಳ್ಳಿ. ಅವುಗಳ ಅನೇಕ ಕೋಶಗಳ ಮೈಮೇಲೆ ಸೊಮ್ಯಾಟೋಸ್ಟಾಟಿನ್ ಎಂಬ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳು ದಟ್ಟವಾಗಿರುತ್ತವೆ. ಆ ಹಾರ್ಮೋನನ್ನು ಹೋಲುವ ಡೋಟಾಟೇಟ್ ಎಂಬ ಅಣು ಅಲ್ಲಿಗೇ ಹೋಗಿ ಅಂಟುತ್ತದೆ. ಅದರ ಒಂದು ತುದಿಯಲ್ಲಿ ಲೋಹದ ಪರಮಾಣುವನ್ನು ಬಿಗಿಯಾಗಿ ಹಿಡಿದಿಡುವ ಪಂಜರವಿದೆ. ಪಂಜರದಲ್ಲಿ ಯಾವ ಲೋಹ ಇಡುತ್ತೇವೆ ಎಂಬುದರ ಮೇಲೆ ಅದರ ಕೆಲಸ ನಿಂತಿದೆ.

ಗ್ಯಾಲಿಯಂ-68 ಇಟ್ಟರೆ ಗೆಡ್ಡೆ ಕಾಣುತ್ತದೆ. ಅದು ಸೂಸುವ ಪಾಸಿಟ್ರಾನ್ ಕೆಲವು ಮಿಲಿಮೀಟರಿನೊಳಗೆ ಎಲೆಕ್ಟ್ರಾನನ್ನು ಸಂಧಿಸಿ, ಎರಡೂ ಇಲ್ಲವಾಗಿ, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಚಿಮ್ಮುತ್ತವೆ. ರೋಗಿಯ ಸುತ್ತಲಿನ ಪೆಟ್ ಸ್ಕ್ಯಾನರಿನ ಬಳೆ ಎರಡನ್ನೂ ಒಟ್ಟಿಗೆ ಹಿಡಿದು ಗೆರೆ ಎಳೆಯುತ್ತದೆ. ಅಂಥ ಲಕ್ಷಾಂತರ ಗೆರೆಗಳು ಸೇರಿ ಚಿತ್ರವಾಗುತ್ತದೆ.

ಗ್ಯಾಲಿಯಂ-68ರ ಅರ್ಧಾಯುಷ್ಯ 68 ನಿಮಿಷ ಮಾತ್ರ, ದೂರದ ಊರಿನಿಂದ ತರಿಸುವಂತಿಲ್ಲ. ಹಾಗಾಗಿ 271 ದಿನ ಅರ್ಧಾಯುಷ್ಯದ ಜರ್ಮೇನಿಯಂ-68 ತುಂಬಿದ ಜನರೇಟರು ಆಸ್ಪತ್ರೆಯಲ್ಲೇ ಇರುತ್ತದೆ. ಬೇಕಾದಾಗ ಅದರೊಳಗೆ ತೆಳು ಆಮ್ಲ ಹರಿಸಿ, ಹಸುವಿನಿಂದ ಹಾಲು ಕರೆದಂತೆ ಗ್ಯಾಲಿಯಂ ಇಳಿಸಿಕೊಳ್ಳುತ್ತಾರೆ.

ಅದೇ ಪಂಜರದಲ್ಲಿ ಲುಟೀಷಿಯಂ-177 ಕೂರಿಸಿದರೆ ಅದು ಚಿಕಿತ್ಸೆ. ಅದರ ಬೀಟಾ ಕಣಗಳು ಹೆಚ್ಚೆಂದರೆ 2 ಮಿಲಿಮೀಟರ್ ಹೋಗುತ್ತವೆ. ಪೆಟ್ಟು ಬಹುಪಾಲು ಗೆಡ್ಡೆಗೇ. ಜೊತೆಗೆ ಒಂದಿಷ್ಟು ಗಾಮಾ ಕಿರಣವೂ ಹೊಮ್ಮುವುದರಿಂದ, ಮದ್ದು ಎಲ್ಲಿ ತಲುಪಿತೆಂದು ಗಾಮಾ ಕ್ಯಾಮೆರಾದಲ್ಲಿ ನೋಡಿ ಖಚಿತಪಡಿಸಿಕೊಳ್ಳಬಹುದು. 2017ರಲ್ಲಿ ಪ್ರಕಟವಾದ ನೆಟರ್-1 ಅಧ್ಯಯನದಲ್ಲಿ 229 ರೋಗಿಗಳಿದ್ದರು. ರೋಗ ಉಲ್ಬಣಿಸದೆ 20 ತಿಂಗಳು ದಾಟಿದವರ ಅಂದಾಜು ಪ್ರಮಾಣ ಲುಟೀಷಿಯಂ ಪಡೆದವರಲ್ಲಿ ಶೇ. 65.2, ಆಕ್ಟ್ರಿಯೋಟೈಡ್ ಎಂಬ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ಪಡೆದವರಲ್ಲಿ ಶೇ. 10.8. ಮೂತ್ರಪಿಂಡಗಳಿಗೆ ವಿಕಿರಣದ ಹಾನಿ ತಗ್ಗಿಸಲೆಂದು ಮದ್ದಿನ ಜೊತೆ ಅಮೈನೋ ಆಮ್ಲದ ಡ್ರಿಪ್ ಕೊಡುತ್ತಾರೆ.

ಭಾರತದಲ್ಲಿ ಲುಟೀಷಿಯಂ-177 ತಯಾರಾಗುವುದು ಮುಂಬಯಿಯ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ, 1985ರಲ್ಲಿ ಅದು ಕೆಲಸ ಶುರುಮಾಡಿತು. ಅಲ್ಲಿ ಲುಟೀಷಿಯಂ-176ಕ್ಕೆ ನ್ಯೂಟ್ರಾನ್ ಉಣಿಸುತ್ತಾರೆ. ಹುಟ್ಟುವ 177ರ ಅರ್ಧಾಯುಷ್ಯ ಸುಮಾರು ಆರೂವರೆ ದಿನ, ಆದ್ದರಿಂದ ಅದು ಮುಂಬಯಿಯಿಂದ ದೂರದ ಆಸ್ಪತ್ರೆಗಳಿಗೂ ಕೆಡದೆ ತಲುಪುತ್ತದೆ.

ಈಗ ಸಂಶೋಧಕರ ಕಣ್ಣು ಆಕ್ಟಿನಿಯಂ-225ರ ಮೇಲಿದೆ. ಅದರ ಆಲ್ಫಾ ಕಣ ಕೆಲವೇ ಕೋಶಗಳಷ್ಟು ದೂರ ಸಾಗಿ, ಡಿಎನ್‌ಎಯ ಎರಡೂ ಎಳೆಗಳನ್ನು ಕಡಿಯಬಲ್ಲದು. ತೊಡಕಿರುವುದು ಪೂರೈಕೆಯಲ್ಲಿ: ಬಹುಕಾಲ ಅದು ಸಿಗುತ್ತಿದ್ದುದು ಹಳೆಯ ಯುರೇನಿಯಂ-233ರಿಂದ ಬೇರ್ಪಡಿಸಿದ ಥೋರಿಯಂ-229ರಿಂದ, ಅದೂ ಅತ್ಯಲ್ಪ. ರೇಡಿಯಂ-226ಕ್ಕೆ ಪ್ರೋಟಾನುಗಳನ್ನು ಬಡಿಸಿ ಸೈಕ್ಲೋಟ್ರಾನಿನಲ್ಲಿ ಅದನ್ನು ತಯಾರಿಸುವ ಕೆಲಸ ಹಲವು ದೇಶಗಳಲ್ಲಿ ನಡೆಯುತ್ತಿದೆ.