ಬಿಸಿ ಬಜ್ಜಿ ಯಾರ ಪಾಲಿಗೆ?

ಮಳೆಗಾಲದ ಸಂಜೆ ನಾಲ್ಕು ಜನ ಸ್ನೇಹಿತರು ಮನೆಗೆ ಬಂದರೆ ಏನು ನಡೆಯುತ್ತದೆಂಬುದು ನಿಮಗೆಲ್ಲ ತಿಳಿದದ್ದೇ. ಯಜಮಾನನು ಹಜಾರದಲ್ಲಿ ಕುಳಿತಲ್ಲಿಂದಲೇ ಅಡುಗೆಮನೆಯ ಕಡೆಗೆ ಮುಖ ತಿರುಗಿಸಿ, "ಏನಾದರೂ ಬಿಸಿಬಿಸಿಯಾಗಿ ಮಾಡು" ಎನ್ನುತ್ತಾನೆ. ಅಲ್ಲಿಗೆ ಅವನ ಕರ್ತವ್ಯ ಮುಗಿಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ 'ಚೊಂಯ್' ಎಂಬ ಸದ್ದು ಕೇಳುತ್ತದೆ. ಅದರ ಹಿಂದೆಯೇ ಇಂಗಿನ ಪರಿಮಳ. ಅದರ ಹಿಂದೆ ಬಜ್ಜಿಯ ತಟ್ಟೆ. ಮಾತು ನಿಲ್ಲುತ್ತದೆ, ಕೈ ಓಡುತ್ತದೆ, ತಟ್ಟೆ ಬರಿದಾಗುತ್ತದೆ, ಇನ್ನೊಂದು ತಟ್ಟೆ ಬರುತ್ತದೆ.

ನಾನೂ ಬಹುಕಾಲ ಇಂಥ ಯಜಮಾನನೇ ಆಗಿದ್ದೆ. ಅಂಥದೊಂದು ಸಂಜೆ ನೀರು ಕುಡಿಯಲೆಂದು ಒಳಗೆ ಹೋದೆ. ನಮ್ಮ ಮನೆಯಾಕೆ ಸೆರಗಿನಿಂದ ಹಣೆಯ ಬೆವರನ್ನು ಒರಸಿಕೊಳ್ಳುತ್ತ ಒಲೆಯ ಮುಂದೆ ನಿಂತಿದ್ದರು. ಪಕ್ಕದ ತಟ್ಟೆಯಲ್ಲಿ ಆಕಾರ ಕೆಟ್ಟ ಎರಡು ಬಜ್ಜಿಗಳು ತಣ್ಣಗಾಗಿ ಬಿದ್ದಿದ್ದವು. "ನೀನು ತಿಂದೆಯಾ?" ಎಂದೆ. "ಕರಿದ ವಾಸನೆಗೇ ಹೊಟ್ಟೆ ತುಂಬಿಹೋಗಿದೆ, ನೀವು ತಿನ್ನಿ ಹೋಗಿ" ಎಂದರು. ಆ ರಾತ್ರಿ ಯೋಚಿಸಿ ನೋಡಿದೆ. ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ಮೇಲಾಗಿತ್ತು. ಆಕೆ ತಾನು ಕರಿದ ಬಜ್ಜಿಯನ್ನು ಬಿಸಿಯಾಗಿ ಕುಳಿತು ತಿಂದದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಹುಳಿಯಾಗಲಿ ಪಲ್ಯವಾಗಲಿ ಬಡಿಸುವವರೆಗೆ ಕಾಯುತ್ತದೆ. ಬಜ್ಜಿ ಕಾಯುವುದಿಲ್ಲ. ಆದುದರಿಂದ ಕರಿಯುವವರಿಗೆ ಅದರ ಸುಖವಿಲ್ಲ. ಇದಕ್ಕೆ ಪರಿಹಾರ ಒಂದೇ: ಮನೆಯಲ್ಲಿ ಇನ್ನೊಬ್ಬರಿಗೂ ಬಜ್ಜಿ ಕರಿಯಲು ಬರಬೇಕು. ಆ ಇನ್ನೊಬ್ಬರು ನಾನೇ ಆಗುವುದೆಂದು ನಿಶ್ಚಯಿಸಿದೆ.

ಗಂಡಸಿಗೆ ಇದು ತಕ್ಕ ಕೆಲಸವೇ ಎಂದು ಸಂಕೋಚಪಡಬೇಕಾಗಿಲ್ಲ. ನಳಪಾಕ, ಭೀಮಪಾಕ ಎಂಬ ಮಾತುಗಳು ನಮ್ಮಲ್ಲಿ ಬಳಕೆಯಲ್ಲಿವೆ. ವಿರಾಟನ ಮನೆಯಲ್ಲಿ ಭೀಮನು ಸೌಟು ಹಿಡಿದೇ ಅಜ್ಞಾತವಾಸವನ್ನು ಕಳೆದನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅಡುಗೆಯ ವಿಚಾರ ಸವಿಸ್ತಾರವಾಗಿದೆ. ಕನ್ನಡದಲ್ಲಿ ೧೬ನೆಯ ಶತಮಾನದ ಆದಿಯ ಕವಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಪಾಕಗ್ರಂಥವನ್ನೇ ಪದ್ಯದಲ್ಲಿ ಬರೆದಿದ್ದಾನೆ. ಚಕ್ರವರ್ತಿಗೂ ಕವಿಗೂ ಇಲ್ಲದ ಸಂಕೋಚ ನಮಗೆ ಬೇಡ.

ಬಜ್ಜಿ ಎಂಬ ಪದವೂ ಕುಲೀನವಾದುದೇ. ಹುರಿಯುವುದೆಂಬ ಅರ್ಥದ 'ಭ್ರಸ್ಜ್' ಎಂಬ ಸಂಸ್ಕೃತ ಧಾತುವಿನ ವಂಶದ್ದು. 'ಭರ್ಜನ' ಇದರ ದಾಯಾದಿ. ಆದ್ದರಿಂದಲೇ ಸುಟ್ಟ ಬದನೆಕಾಯಿಯನ್ನು ಕಿವಿಚಿ ಮೊಸರು ಬೆರೆಸಿದರೆ ಅದೂ ಬಜ್ಜಿ, ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದರೆ ಇದೂ ಬಜ್ಜಿ. ಧಾರವಾಡದ ಕಡೆ ಇದನ್ನು ಭಜಿ ಎನ್ನುತ್ತಾರೆ. ಮಂಗಳೂರಿನ ಕಡೆ ಪೋಡಿ ಎನ್ನುತ್ತಾರೆ. ದಾವಣಗೆರೆಯಲ್ಲಿ ಮಂಡಕ್ಕಿಯ ಜೊತೆಗೆ ಮೆಣಸಿನಕಾಯಿ ಎಂದರೆ ಸಾಕು, ಕರಿದದ್ದೇ ಬರುತ್ತದೆ.

ಕಲಿಯುವವರಿಗೆ ಹೀರೇಕಾಯಿಯೇ ಒಳ್ಳೆಯದು. ಬೇಗ ಬೇಯುತ್ತದೆ, ತಿರುಳು ಬಜ್ಜಿಗಾದರೆ ಸಿಪ್ಪೆ ಚಟ್ನಿಗಾಗುತ್ತದೆ. ಎಳೆಯದಾದ ಎರಡು ಕಾಯಿಗಳನ್ನು ತನ್ನಿ. ಮೊದಲು ಒಂದು ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಾಗಿದ್ದರೆ ಉಗುಳಿ, ಆ ಕಾಯಿಯನ್ನು ಎಸೆಯಿರಿ. ಕಹಿ ಹೀರೇಕಾಯಿ ಹೊಟ್ಟೆಯನ್ನು ಕೆಡಿಸುತ್ತದೆ, ಬೇಯಿಸಿದರೂ ಅದರ ದೋಷ ಹೋಗುವುದಿಲ್ಲ.

ಚಟ್ನಿಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ಬಜ್ಜಿ ಚಟ್ನಿಗಾಗಿ ಕಾಯಬಾರದು. ತೊಳೆದ ಕಾಯಿಯ ಏಣುಗಳನ್ನೂ ಸಿಪ್ಪೆಯನ್ನೂ ಹೆರೆದು ಸಣ್ಣಗೆ ಹೆಚ್ಚಿ. ಎರಡು ಚಮಚ ಎಣ್ಣೆಯಲ್ಲಿ ಒಂದೊಂದು ಚಮಚ ಉದ್ದಿನಬೇಳೆ, ಕಡಲೆಬೇಳೆ, ನಾಲ್ಕು ಒಣಮೆಣಸಿನಕಾಯಿ, ಚಿಟಿಕೆ ಇಂಗು ಹಾಕಿ ಕೆಂಪಗೆ ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ಸಿಪ್ಪೆಯನ್ನು ಹಸಿವಾಸನೆ ಹೋಗುವವರೆಗೆ ಬಾಡಿಸಿ. ಆರಿದ ಮೇಲೆ ಅರ್ಧ ಬಟ್ಟಲು ತೆಂಗಿನತುರಿ, ಸ್ವಲ್ಪ ಹುಣಸೆಹಣ್ಣು, ಉಪ್ಪು, ಅಡಕೆಯಷ್ಟು ಬೆಲ್ಲ ಸೇರಿಸಿ ರುಬ್ಬಿ. ಅನ್ನಕ್ಕಾದರೆ ಗಟ್ಟಿಯಾಗಿರಲಿ, ಬಜ್ಜಿಯನ್ನು ಅದ್ದಿ ತಿನ್ನಲು ಕೊಂಚ ನೀರು ಬೆರೆಸಿ ಸಡಿಲಮಾಡಿ.

ಇನ್ನು ಬಜ್ಜಿ. ಕಾಯನ್ನು ಎರಡು ನಾಣ್ಯ ಜೋಡಿಸಿದಷ್ಟು ದಪ್ಪನೆಯ ಬಿಲ್ಲೆಗಳಾಗಿ ಹೆಚ್ಚಿ ಬಟ್ಟೆಯಿಂದ ಒರಸಿ. ಅದಕ್ಕೆ ಉಪ್ಪು ಸವರಬೇಡಿ, ನೀರು ಬಿಟ್ಟುಕೊಳ್ಳುತ್ತದೆ. ಎರಡು ಬಟ್ಟಲು ಕಡಲೆಹಿಟ್ಟನ್ನು ಜರಡಿಹಿಡಿದು ಕಾಲು ಬಟ್ಟಲು ಅಕ್ಕಿಹಿಟ್ಟು, ಉಪ್ಪು, ಮೆಣಸಿನಪುಡಿ, ಅಂಗೈಯಲ್ಲಿ ಉಜ್ಜಿದ ಓಮ, ಇಂಗು ಬೆರೆಸಿ. ಎರಡು ಚಮಚ ಕಾದ ಎಣ್ಣೆಯನ್ನು ಹಾಕಿ ಕಲಸಿ, ಬಳಿಕ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ಸುಮಾರು ಒಂದು ಬಟ್ಟಲು ಹಿಡಿಯುತ್ತದೆ. ಸೋಡ ಹಾಕುವುದಾದರೆ ಕರಿಯುವ ಮುನ್ನ ಒಂದೇ ಚಿಟಿಕೆ. ಹೆಚ್ಚಾದರೆ ಬಜ್ಜಿ ಎಣ್ಣೆ ಕುಡಿಯುತ್ತದೆ.

ಅಡುಗೆಯಲ್ಲಿ ದೊಡ್ಡ ಮಾತೆಂದರೆ 'ಹದ'. ಮೊದಲ ದಿನ ನನ್ನ ಹಿಟ್ಟು ಮಜ್ಜಿಗೆಯಂತಾಗಿ ಬಿಲ್ಲೆಗಳು ಬಾಣಲೆಯಲ್ಲಿ ಬೆತ್ತಲೆಯಾಗಿ ಈಜಿದವು. ಮನೆಯಾಕೆ ಬಾಗಿಲಲ್ಲಿ ನಿಂತು ನಕ್ಕರು, ಆಮೇಲೆ ಹೇಳಿಕೊಟ್ಟರು: ಬಿಲ್ಲೆಯನ್ನು ಅದ್ದಿ ಎತ್ತಿದಾಗ ಹಸುರು ಕಾಣಬಾರದು, ಹಿಟ್ಟು ಮುದ್ದೆಯಾಗಿ ನಿಲ್ಲಲೂ ಬಾರದು, ನಿಧಾನವಾಗಿ ತೊಟ್ಟಿಕ್ಕಬೇಕು.

ಎಣ್ಣೆಗೂ ಹದವುಂಟು. ಬಾಣಲೆಗೆ ಅರ್ಧದಷ್ಟೇ ಎಣ್ಣೆ ಹಾಕಿ. ಒಂದು ತೊಟ್ಟು ಹಿಟ್ಟು ಬಿಡಿ. ತಳದಲ್ಲೇ ಕುಳಿತರೆ ಕಾದಿಲ್ಲ. ಬಿದ್ದೊಡನೆ ಕರಕಾದರೆ ಅತಿಯಾಗಿ ಕಾದಿದೆ. ಗುಳ್ಳೆಯೆಬ್ಬಿಸುತ್ತ ಒಡನೆಯೇ ಮೇಲಕ್ಕೆ ಬಂದರೆ ಸರಿ. ಇದರ ಕಾರಣವನ್ನು ತಿಳಿದರೆ ಮರೆಯುವುದಿಲ್ಲ. ನೀರು ೧೦೦ ಡಿಗ್ರಿ ಶಾಖಕ್ಕೆ ಆವಿಯಾಗುತ್ತದೆ. ಕರಿಯುವ ಎಣ್ಣೆ ಸುಮಾರು ೧೭೦ರಿಂದ ೧೮೦ ಡಿಗ್ರಿಯಲ್ಲಿರುತ್ತದೆ. ಹಿಟ್ಟಿನಲ್ಲಿರುವ ನೀರು ಆವಿಯಾಗಿ ಹೊರಕ್ಕೆ ನುಗ್ಗುವಾಗ ಎಣ್ಣೆಯನ್ನು ಒಳಕ್ಕೆ ಬಿಡುವುದಿಲ್ಲ. ಅಷ್ಟರಲ್ಲಿ ಮೇಲಿನ ಹಿಟ್ಟು ಗರಿಗಟ್ಟುತ್ತದೆ. ಎಣ್ಣೆ ಸಾಲದಷ್ಟು ಕಾದಿದ್ದರೆ ಗರಿಯೂ ಇಲ್ಲ, ಜಿಡ್ಡು ಬೇರೆ. ಅದಕ್ಕಾಗಿಯೇ ಒಂದು ಒಬ್ಬೆಗೆ ಐದಾರಕ್ಕಿಂತ ಹೆಚ್ಚು ಹಾಕಬೇಡಿ. ಒಮ್ಮೆಗೇ ತುಂಬಿದರೆ ಎಣ್ಣೆ ತಣಿಯುತ್ತದೆ. ಬೆಂದುದನ್ನು ತಿಳಿಯಲು ಕಣ್ಣಿನಷ್ಟೇ ಕಿವಿಯೂ ಬೇಕು. ಮೊದಲಿನ ಜೋರಾದ ಸದ್ದು ತಗ್ಗಿತೆಂದರೆ ಹಿಟ್ಟಿನ ನೀರು ತಗ್ಗಿತೆಂದರ್ಥ. ಎರಡು ಮಗ್ಗುಲೂ ಹೊಂಬಣ್ಣಕ್ಕೆ ತಿರುಗಿದಾಗ ಜಾಲರಿಯಲ್ಲಿ ಎತ್ತಿ ಎಣ್ಣೆ ಸೋರಿಸಿ.

ಎರಡು ಎಚ್ಚರಿಕೆಯ ಮಾತುಗಳು. ಒದ್ದೆ ಕೈಯನ್ನಾಗಲಿ ಒದ್ದೆ ಸೌಟನ್ನಾಗಲಿ ಕಾದ ಎಣ್ಣೆಯ ಬಳಿಗೆ ತರಬೇಡಿ. ಬಿಲ್ಲೆಯನ್ನು ಮೇಲಿನಿಂದ ಎಸೆಯದೆ ಅಂಚಿನಿಂದ ಜಾರಿಸಿ. ಅಕಸ್ಮಾತ್ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು, ಉರಿ ಭುಗಿಲೇಳುತ್ತದೆ. ಬಾಣಲೆಯನ್ನು ಕದಲಿಸದೆ ಒಲೆ ಆರಿಸಿ ಅಗಲವಾದ ಲೋಹದ ಮುಚ್ಚಳವನ್ನು ಮುಚ್ಚಿಬಿಡಿ. ಇನ್ನೊಂದು: ಕರಿದ ಎಣ್ಣೆ ಕಪ್ಪಾಗಿ, ನೊರೆಗಟ್ಟಿ, ಕಮಟು ನಾತ ಬಂದರೆ ಲೋಭಪಟ್ಟು ಮತ್ತೆ ಕಾಯಿಸಬೇಡಿ, ಆರೋಗ್ಯಕ್ಕೆ ಅದು ಹಾನಿಕರ.

ಈಗ ನಮ್ಮ ಮನೆಯಲ್ಲಿ ಒಂದು ಏರ್ಪಾಡು ನಡೆದುಬಂದಿದೆ. ಮೊದಲ ಎರಡು ಒಬ್ಬೆ ಆಕೆ ಕರಿಯುತ್ತಾರೆ, ನಾನು ಬಂದವರೊಡನೆ ತಿನ್ನುತ್ತೇನೆ. ಮೂರನೆಯ ಒಬ್ಬೆಗೆ ನಾನು ಎದ್ದು ಒಳಗೆ ಹೋಗಿ ಜಾಲರಿ ಹಿಡಿಯುತ್ತೇನೆ, ಆಕೆ ಹಜಾರಕ್ಕೆ ಬಂದು ಕುಳಿತುಕೊಳ್ಳುತ್ತಾರೆ. ಮೊದಮೊದಲು ಸ್ನೇಹಿತರು ಹಾಸ್ಯಮಾಡಿದರು. ಅವರಲ್ಲೊಬ್ಬರು ಈಚೆಗೆ ಹಿಟ್ಟಿನ ಹದ ಕೇಳಿಕೊಂಡು ಹೋದರು. ನಾನು ಕರಿದ ಬಜ್ಜಿ ಆಕೆಯದರಷ್ಟು ಚೆನ್ನಾಗಿರುವುದಿಲ್ಲ. "ಉಪ್ಪು ಒಂದು ಕಲ್ಲು ಮುಂದಾಯಿತು" ಎಂದು ಒಳಕ್ಕೆ ಕೇಳುವಂತೆ ಹೇಳುತ್ತಾರೆ. ಆದರೆ ತಟ್ಟೆಯಲ್ಲಿ ಒಂದನ್ನೂ ಉಳಿಸುವುದಿಲ್ಲ.

ಮುಂದಿನ ಸಲ ಮಳೆ ಹಿಡಿದಾಗ ಹಜಾರದಿಂದ ಕೂಗುವ ಮೊದಲು ಒಮ್ಮೆ ಒಳಗೆ ಹೋಗಿ ನೋಡಿ. ಒಲೆಯ ಮುಂದೆ ನಿಂತವರು ತಾಯಿಯಾಗಿರಲಿ, ಹೆಂಡತಿಯಾಗಿರಲಿ, ಸೊಸೆಯಾಗಿರಲಿ, ಅವರ ಕೈಯಿಂದ ಜಾಲರಿಯನ್ನು ತೆಗೆದುಕೊಂಡು, "ಹೋಗಿ ಕುಳಿತುಕೊಳ್ಳಿ, ಈ ಒಬ್ಬೆ ನಿಮ್ಮದು" ಎನ್ನಿ.